ಮೂತಿ ಗುದ್ದಿದ ಹಳೇ ಆಲ್ಟೊಗೆ ಜೆ.ಸಿ. ರೋಡ್ ಸಾಮಾನು: ಏನು ತರಬೇಕು, ಏನು ಬಿಡಬೇಕು

ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗಿನ ಜೆ.ಸಿ. ರೋಡಿನಲ್ಲಿ ಹಳೇ ಮಾರುತಿಯ ಮೂತಿಗೆ ಬೇಕಾದ ಸಾಮಾನೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತೆ. ಹಾಗೆ ಒಂದೇ ಮಧ್ಯಾಹ್ನ ಎಲ್ಲ ಕೊಂಡು ತಂದವರೇ ಹೆಚ್ಚಾಗಿ ಎರಡನೇ ಸಲ ಅಲ್ಲಿಗೆ ಹೋಗೋದು. ಬಂಪರ್ ಕೂರಲ್ಲ, ಬಾನೆಟ್ ಮುಚ್ಚಲ್ಲ, ಲ್ಯಾಂಪಿನ ತೂತು ಒಂದು ಬೆರಳು ಆಚೆ. ತಪ್ಪು ಅಂಗಡಿಯದ್ದೂ ಅಲ್ಲ, ಸಾಮಾನಿನದ್ದೂ ಅಲ್ಲ. ಒಳಗಿನ ತಗಡು ಸರಿಯಾಗೋ ಮುಂಚೆ ಹೊರಗಿನದನ್ನ ಕೊಂಡಿದ್ದು ತಪ್ಪು.

ಇಲ್ಲಿ ಹೇಳೋದೆಲ್ಲ 2000ದಿಂದ 2012ರವರೆಗೆ ಬಂದ ಹಳೇ ಆಕಾರದ ಆಲ್ಟೊ ಮನಸ್ಸಲ್ಲಿಟ್ಟುಕೊಂಡು. ಮಾರುತಿ 800ಕ್ಕೂ ಹಳೇ ವ್ಯಾಗನ್ ಆರ್‌ಗೂ ಬಹುಪಾಲು ಹೊಂದುತ್ತೆ. ಏರ್‌ಬ್ಯಾಗ್ ಬಿಚ್ಚಿಕೊಂಡಿರೋ ಕಾರಿಗೆ ಮನೆ ರಿಪೇರಿಯ ಮಾತೇ ಬೇಡ.

ಮೊದಲು ಇನ್ಶೂರೆನ್ಸ್ ಲೆಕ್ಕ. 10 ವರ್ಷ ದಾಟಿದ ಕಾರಿಗೆ ಮಾಮೂಲಿ ಪಾಲಿಸಿಯಲ್ಲಿ ಲೋಹದ ಭಾಗಗಳ ಬೆಲೆಯಲ್ಲಿ ಶೇ. 50 ಸವಕಳಿ ಅಂತ ಕಳೀತಾರೆ. ಪ್ಲಾಸ್ಟಿಕ್ಕಿಗೆ ಕಾರು ಹೊಸದಿದ್ದರೂ ಶೇ. 50. 1500 ಸಿಸಿ ಒಳಗಿನ ಕಾರಿಗೆ ಇನ್ನೂ 1,000 ರೂಪಾಯಿ ಕಡ್ಡಾಯ ಕಡಿತ, ಜೊತೆಗೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತೆ. ಬಂಪರ್, ಗ್ರಿಲ್, ಒಂದು ಲ್ಯಾಂಪು ಇಷ್ಟೇ ಹೋಗಿದ್ದರೆ ಕೈಯಿಂದ ಹಾಕಿಕೊಳ್ಳೋದೇ ಲೇಸು. ಕ್ಲೇಮ್ ಮಾಡೋ ಯೋಚನೆ ಇದ್ದರೆ ಸರ್ವೇಯರ್ ನೋಡೋವರೆಗೆ ಒಂದು ಬೋಲ್ಟೂ ಮುಟ್ಟಬೇಡಿ.

ಈಗ ಮನೆಯಲ್ಲಿ ಮಾಡೋ ಕೆಲಸ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬಂಪರ್, ಗ್ರಿಲ್, ಲ್ಯಾಂಪು, ಬಾನೆಟ್ ಕಳಚಿ. ಫೆಂಡರಿಗೆ (ಮುಂದಿನ ಚಕ್ರದ ಮೇಲಿನ ತಗಡು) 10ರ ಸ್ಪ್ಯಾನರ್, ಬಾನೆಟ್ ಹಿಂಜಿಗೆ 12ರದ್ದು ಸಾಕು. ತುಕ್ಕು ಹಿಡಿದ ಸಣ್ಣ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಡಬ್ಲ್ಯುಡಿ-40 ಹೊಡೆದಿಡಿ. ಇಲ್ಲದಿದ್ದರೆ ತಲೆ ಮುರಿದು ಕೈಗೆ ಬರುತ್ತೆ, ಅಥವಾ ಒಳಗಿನ ವೆಲ್ಡ್ ನಟ್ ಕಿತ್ತುಕೊಂಡು ಸುಮ್ಮನೆ ತಿರುಗ್ತಾ ಇರುತ್ತೆ. ಬಾನೆಟ್ ತೆಗೆಯೋ ಮುಂಚೆ ಹಿಂಜಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟರೆ ಜೋಡಿಸುವಾಗ ಅರ್ಧ ಗಂಟೆ ಉಳಿಯುತ್ತೆ.

ಆಮೇಲೆ ಟೇಪು ಹಿಡಿದು ಕರ್ಣದ ಅಳತೆ. ಎಡಗಡೆ ಸ್ಟ್ರಟ್‌ನ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಮೇಲಿನ ಬೋಲ್ಟಿನಿಂದ ರೇಡಿಯೇಟರ್ ಪ್ಯಾನೆಲ್ಲಿನ (ರೇಡಿಯೇಟರ್ ಹಿಡಿದಿರೋ ತಗಡಿನ ಚೌಕಟ್ಟು) ಬಲಮೂಲೆಯ ತೂತಿಗೆ ಒಂದು ಅಳತೆ, ಬಲದಿಂದ ಎಡಮೂಲೆಗೆ ಇನ್ನೊಂದು. ಎರಡರ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಪ್ಯಾನೆಲ್ ನೇರ ಇದೆ ಅಂತಲೇ ಲೆಕ್ಕ. ಜಾಸ್ತಿ ಇದ್ದರೆ ಎಳೀಬೇಕು. ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿರೋ ಚಾಸಿ ಪೆಟ್ಟಿಗೆಯನ್ನ ಕೈಯಾಡಿಸಿ ನೋಡಿ. ಪೇಂಟ್ ಸಿಬಿರು ಎದ್ದಿರೋ ಕಡೆ ಬೆರಳಿಗೆ ಸುಕ್ಕು ಸಿಗುತ್ತೆ. ಆ ಸುಕ್ಕು ಎಂಜಿನ್ ಮೌಂಟಿನ ಹಿಂದಕ್ಕೆ ಹೋಗಿದ್ದರೆ, ಅಥವಾ ಸ್ಟ್ರಟ್ ಟವರೇ ಸರಿದಿದ್ದರೆ, ಟೂಲ್ಸ್ ಎತ್ತಿಡಿ. ಅದು ಚಾಸಿ ಎಳೆಯೋ ಬೆಂಚ್ ಇರೋ ಟಿಂಕರಿಂಗ್ ಶೆಡ್ಡಿನ ಕೆಲಸ.

ಎಳೆಯೋಕೆ ಬೇಕಾದ್ದು ಎಸ್‌ಜೆಪಿ ರೋಡಿನಲ್ಲಿ: 1 ಟನ್ ಕೈಚಾಲಿತ ಚೈನ್ ಪುಲ್ಲಿ, 8 ಮಿ.ಮೀ. ಸರಪಳಿ, ಎರಡು ಶ್ಯಾಕಲ್, ತಗಡು ಹಿಡಿಯೋ ಕ್ಲಾಂಪು. ಸರಪಳಿಯನ್ನ ಕೆ.ಜಿ. ಲೆಕ್ಕದಲ್ಲಿ ಕೊಡುವಾಗ ಗ್ರೇಡ್ ಕೇಳಿ ತಗೊಳ್ಳಿ, ಗೇಟಿಗೆ ಕಟ್ಟೋ ಸರಪಳಿ ಇದಕ್ಕಲ್ಲ. ಗೇಟು ಅಂದಿದ್ದಕ್ಕೆ ನೆನಪಾಯ್ತು, 30×40 ಸೈಟಿನ ಗೇಟಿನ ಕಂಬಕ್ಕೆ ಇನ್ನೊಂದು ತುದಿ ಕಟ್ಟಬೇಡಿ. ಹಾಲೋ ಬ್ಲಾಕಿನ ಕಂಬ ಕಾರಿಗಿಂತ ಮುಂಚೆ ಬರುತ್ತೆ. ಕರೆಂಟ್ ಕಂಬವಂತೂ ಬೇಡವೇ ಬೇಡ. ಬಲಿತ ಮರ ಅಥವಾ ಆರ್‌ಸಿಸಿ ಕಾಲಂನ ಬುಡ ಆದೀತು. ಕಾರಿನ ಹಿಂಭಾಗವನ್ನೂ ಕಟ್ಟಿ, ಚಕ್ರಕ್ಕೆ ಕಲ್ಲು ಕೊಡಿ. ಸರಪಳಿಯ ಮೇಲೆ ದಪ್ಪ ಕಂಬಳಿ ಹೊದಿಸಿ, ಅದರ ನೇರಕ್ಕೆ ಯಾರೂ ನಿಲ್ಲಬೇಡಿ. ಪೆಟ್ಟು ಬಂದ ದಿಕ್ಕಿಗೆ ಸರಿಯಾಗಿ ಉಲ್ಟಾ ಎಳೀಬೇಕು. ತಗಡು ಸ್ವಲ್ಪ ವಾಪಸ್ ಸರಿಯೋದರಿಂದ ಅಳತೆಗಿಂತ ಕೂದಲೆಳೆ ಜಾಸ್ತಿ ಎಳೆದು, ಬಿಗಿ ಇರುವಾಗಲೇ ಮಡಿಕೆಯ ಸುತ್ತ ಸುತ್ತಿಗೆಯಿಂದ ತಟ್ಟಿ, ಸಡಿಲಿಸಿ, ಮತ್ತೆ ಅಳೆಯಿರಿ. ಮೂರು ನಾಲ್ಕು ಸಲ ಹೀಗೆ ಆಗೋದು ಮಾಮೂಲು.

ಕರ್ಣದ ಅಳತೆ ಕೂತ ಮೇಲೆ ಜೆ.ಸಿ. ರೋಡ್. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತೆ. ಕಾರು ತರಬೇಡಿ, ಪಾರ್ಕಿಂಗಿನಲ್ಲೇ ತಾಳ್ಮೆ ಮುಗಿಯುತ್ತೆ. ಹಳೇ ಲ್ಯಾಂಪು, ಮುರಿದ ಬ್ರಾಕೆಟ್ಟು, ಕ್ಲಿಪ್ಪು ಚೀಲದಲ್ಲಿರಲಿ. ಇಸವಿ ಹೇಳಿದರೆ ಸಾಲದು, ಒಂದೇ ಇಸವಿಯಲ್ಲೂ ಗ್ರಿಲ್ಲು ಬಂಪರ್ ಬದಲಾಗಿರುತ್ತೆ. ಕೌಂಟರಿನಲ್ಲಿ ಮೊದಲ ಪ್ರಶ್ನೆ, "ಒರಿಜಿನಲ್ ಕೊಡ್ಲಾ ಸಾರ್, ಲೋಕಲ್ ಸಾಕಾ?" ಉತ್ತರ ಸಾಮಾನಿನ ಮೇಲೆ ನಿಂತಿದೆ.

ಬಂಪರ್, ಗ್ರಿಲ್ ಲೋಕಲ್ ಆದರೂ ನಡೆಯುತ್ತೆ. ತೂತು ಸ್ವಲ್ಪ ಅಗಲ ಮಾಡಿಕೊಳ್ಳಬೇಕಾಗಬಹುದು, ಅಷ್ಟೇ. ಹಳೇ ಬಂಪರ್ ಬರೀ ಸೀಳಿದ್ದರೆ ಅದನ್ನೇ ಉಳಿಸಿ. ಒಳಬದಿಯಲ್ಲಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಂತ ಅಚ್ಚಾಗಿದ್ದರೆ ಅರಾಲ್ಡೈಟ್ ಹಿಡಿಯಲ್ಲ. ಬಿಸಿ ಸ್ಟೇಪಲ್ಲಿನಿಂದ ಹೊಲಿದು, ಪಿಪಿ ಕಡ್ಡಿ ಕರಗಿಸಿ ಬೆಸೆಯಬೇಕು.

ಫೆಂಡರಿನಲ್ಲಿ ಮೋಸ ಹೋಗೋರು ಜಾಸ್ತಿ. ಕಂಪನಿ ಫೆಂಡರೂ ಕಪ್ಪು, ಲೋಕಲ್ಲೂ ಕಪ್ಪು. ಅಂಗಡಿಯವರನ್ನ ಕೇಳಿಕೊಂಡು, ಬಿಳಿ ಬಟ್ಟೆಗೆ ಚೂರು ಥಿನ್ನರ್ ಹಾಕಿ ಒಳಬದಿಯ ಮೂಲೆಯಲ್ಲಿ ಉಜ್ಜಿ ನೋಡಿ. ಕಾರ್ಖಾನೆಯಲ್ಲಿ ಕರೆಂಟ್ ಹಾಯಿಸಿ ಕೂರಿಸಿದ ಇಡಿ ಕೋಟ್ ಜಗ್ಗಲ್ಲ. ಬಟ್ಟೆ ಕಪ್ಪಾಯಿತು ಅಂದರೆ ಅದು ಸಾಗಾಣಿಕೆಗೆ ಬಳಿದ ಬಣ್ಣ. ಅದರ ಮೇಲೆ ಪೇಂಟ್ ಮಾಡಿದರೆ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತೆ. ಬಾಕಿ ಎಲ್ಲ ಚೆನ್ನಾಗಿದ್ದರೆ ಅದನ್ನೂ ತಗೋಬಹುದು. ಆದರೆ ಆ ಬಣ್ಣ ಪೂರ್ತಿ ಕೆರೆದು ಎಪಾಕ್ಸಿ ಪ್ರೈಮರ್ ಹಾಕೋ ಕೆಲಸ ನಿಮ್ಮ ತಲೆಗೆ. ಅಂಚಿನ ಮಡಿಕೆ ಹೆಬ್ಬೆರಳಿಗೇ ಬಗ್ಗಿದರೆ ಮಾತ್ರ ಅಲ್ಲೇ ಬಿಡಿ.

ಹೆಡ್‌ಲ್ಯಾಂಪಿಗೆ ಜಿಪುಣತನ ಬೇಡ, ಲೂಮ್ಯಾಕ್ಸ್‌ನಂಥ ಒಳ್ಳೇ ತಯಾರಿಕೆಯದ್ದೇ ತಗೊಳ್ಳಿ. ಅಗ್ಗದ ಲ್ಯಾಂಪಿನಲ್ಲಿ ರಿಫ್ಲೆಕ್ಟರ್ ಸರಿ ಇಲ್ಲದೆ ಬೆಳಕಿನ ಅಂಚು ಕಲಸಿಹೋಗುತ್ತೆ, ಎದುರಿನವರ ಕಣ್ಣು ಕುಕ್ಕುತ್ತೆ. ಹಿಂದಿನ ರಬ್ಬರ್ ಟೋಪಿ ಸಡಿಲ ಇದ್ದರೆ ಮೊದಲ ಮಳೆಗೇ ಒಳಗೆ ಹಬೆ. ಬಲ್ಬು 60/55 ವ್ಯಾಟಿನ ಎಚ್4, ಅದಕ್ಕಿಂತ ಜಾಸ್ತಿ ವ್ಯಾಟ್ ಹಾಕಿದರೆ ಹಳೇ ವೈರಿಂಗಿನ ಹೋಲ್ಡರ್ ಕರಗುತ್ತೆ.

ರೇಡಿಯೇಟರ್ ಬದಲಿಸೋದಾದರೆ ಹೊಸದೇ ಆಗಬೇಕು. ಅಲ್ಯೂಮಿನಿಯಂ ರೆಕ್ಕೆ ಬಗ್ಗಿದ್ದರೆ ಚಿಂತೆಯಿಲ್ಲ. ಪ್ಲಾಸ್ಟಿಕ್ ಟ್ಯಾಂಕ್ ಸೇರೋ ಅಂಚಿನಲ್ಲಿ ಬಿರುಕು ಇದ್ದರೆ ಎಂ-ಸೀಲ್ ಹಚ್ಚಿದರೂ ಒತ್ತಡಕ್ಕೆ ನಿಲ್ಲಲ್ಲ. ಕೂಲೆಂಟ್ ಕಲಸೋಕೆ ಬೋರ್‌ವೆಲ್ ನೀರು ಬೇಡ, ಗೀಸರಿನಲ್ಲಿ ಕಟ್ಟೋ ಸುಣ್ಣವೇ ಇಲ್ಲೂ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಹಾಕಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲೋವರೆಗೆ ಎಂಜಿನ್ ಓಡಿಸಿದರೆ ಗಾಳಿ ಹೊರಗೆ ಬರುತ್ತೆ. ಎಸಿ ಕಂಡೆನ್ಸರ್ ಸೋರದೆ ಇದ್ದರೆ ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿಡಿ. ಸೋರಿದ್ದರೆ ಎಸಿ ಅಂಗಡಿಯವರೇ ಬಿಚ್ಚಲಿ. ಓ-ರಿಂಗ್, ಡ್ರೈಯರ್ ಹೊಸದು ಹಾಕಿ, ವ್ಯಾಕ್ಯೂಮ್ ಎಳೆದ ಮೇಲೆಯೇ ಗ್ಯಾಸ್.

ಬಿಲ್ ಕೇಳಿ ತಗೊಳ್ಳಿ. ಶೇ. 28 ಜಿಎಸ್‌ಟಿ ಇದ್ದ ಬಿಡಿಭಾಗಗಳು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಬಂದಿವೆ. ಹಳೇ ಎಂಆರ್‌ಪಿ ಚೀಟಿಯ ಡಬ್ಬ ಕೈಗೆ ಬಂದರೆ ಆ ವ್ಯತ್ಯಾಸ ಮಾತಾಡಿ.

ಶಿವಾಜಿನಗರದ ಗುಜರಿ ಬಾನೆಟ್ಟಿಗೆ ಮಾತ್ರ ನನ್ನ ಪೂರ್ತಿ ಓಟು. ಕಂಪನಿಯ ದಪ್ಪ ತಗಡು, ಹಿಂಜಿನ ತೂತು ಸರಿಯಾದ ಜಾಗದಲ್ಲಿ, ಅದೃಷ್ಟ ಇದ್ದರೆ ಬಣ್ಣವೂ ನಿಮ್ಮದೇ. ಕೊಳ್ಳುವಾಗ ಅಂಚಿನುದ್ದಕ್ಕೂ ಪುಟಾಣಿ ಮ್ಯಾಗ್ನೆಟ್ ಓಡಿಸಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ತುಂಬಿದೆ ಅಂತ ಅರ್ಥ.

ಪೇಂಟ್ ಕೆಲಸ ಮನೆಯಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. 2ಕೆ ಪೇಂಟಿಗೆ, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯೋ ಪೇಂಟಿಗೆ, ಸೇರಿಸೋ ಹಾರ್ಡ್‌ನರ್‌ನಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಐಸೊಸಯನೇಟ್ ಇರುತ್ತೆ, ಅದನ್ನ ಬಟ್ಟೆಯ ಮಾಸ್ಕ್ ಏನೂ ತಡೆಯಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಅಂತೂ ಕೆಟ್ಟ ಜಾಗ. ಬಾನೆಟ್ಟು, ಫೆಂಡರು, ಬಂಪರು ಬಿಡಿಯಾಗಿಯೇ ಪೇಂಟರ್ ಹತ್ತಿರ ಕೊಡಿ. ಬಂಪರಿಗೆ ಪ್ಲಾಸ್ಟಿಕ್ ಪ್ರೈಮರ್ ಹಾಕಿಸೋದನ್ನ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಪದರ ಪದರವಾಗಿ ಏಳುತ್ತೆ. ಮಾರುತಿಯ ಸುಪೀರಿಯರ್ ವೈಟ್, ಅಂದರೆ 26ಯು, ಸುಲಭವಾಗಿ ಹೊಂದುತ್ತೆ. ಸಿಲ್ಕಿ ಸಿಲ್ವರ್ ಆದರೆ ಪಕ್ಕದ ಬಾಗಿಲಿನವರೆಗೆ ಮಬ್ಬಾಗಿ ಬೆರೆಸದೆ ಗತಿಯಿಲ್ಲ.

ಜೋಡಿಸುವಾಗ ಬಾನೆಟ್ ಮೊದಲು, ಅದಕ್ಕೆ ಹೊಂದಿಸಿ ಫೆಂಡರ್, ಆಮೇಲೆ ಲ್ಯಾಂಪು, ಕೊನೆಗೆ ಬಂಪರ್. ಬಾನೆಟ್ ಲಾಕ್ ನಡುವಿಗೆ ಬರೋ ತನಕ ಅದರ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಬಿಗಿದ ಮೇಲೆ ಒಳಗಿನ ಲಿವರ್ ಎಳೆದು, ಎರಡನೇ ಕೊಕ್ಕೆ ಬಾನೆಟ್ಟನ್ನ ಹಿಡಿದುಕೊಳ್ಳುತ್ತಾ ಅಂತ ಹತ್ತು ಸಲ ನೋಡಿ. ಗುದ್ದಿದ ಕಾರಿನಲ್ಲಿ ಆ ಕೊಕ್ಕೆ ಸೊಟ್ಟಗಾಗಿರೋದು ಮೇಲ್ನೋಟಕ್ಕೆ ಗೊತ್ತಾಗಲ್ಲ. ನೈಸ್ ರೋಡಿನ ವೇಗದಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿಯೋದು ಇದರಿಂದಲೇ. ಲ್ಯಾಂಪನ್ನ ಗೋಡೆಗೆ 5 ಮೀಟರ್ ದೂರದಿಂದ ಹೊಂದಿಸಿ. ಲೋ ಬೀಮಿನ ಅಂಚು ಲ್ಯಾಂಪಿನ ನಡುವಿಗಿಂತ 5 ಸೆಂ.ಮೀ. ಕೆಳಗೆ ಬೀಳಬೇಕು.

ಇಷ್ಟೆಲ್ಲ ಕೊಂಡ ಮೇಲೆ ಮುಂದೊಂದು ಕಬ್ಬಿಣದ ಗಾರ್ಡ್ ಹಾಕಿಸಿ ಅಂತ ಯಾರಾದರೂ ಹೇಳೇ ಹೇಳ್ತಾರೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವಕ್ಕೆ ಬೇಡ ಅಂದಿದೆ. ಅದು ಪೆಟ್ಟನ್ನ ನೇರವಾಗಿ ಚಾಸಿಗೆ ದಾಟಿಸುತ್ತೆ, ಮುಂದಿನ ಸಲ ಟೇಪ್ ಹಿಡಿದರೆ 3 ಮಿ.ಮೀ. ಮಾತೇ ಇರಲ್ಲ.