ಡಯಾಬಿಟಿಸ್ ಎಜುಕೇಟರ್ ಪಿಜಿ ಡಿಪ್ಲೊಮಾ: ಸೇರುವ ಮುಂಚೆ ಇದನ್ನು ಓದಿ

ಡಯಾಬಿಟಿಸ್ ಎಜುಕೇಟರ್ ಅಂದರೆ ಶುಗರ್ ಇರುವವರಿಗೆ ಇನ್ಸುಲಿನ್, ಊಟ, ಕಾಲಿನ ಜತನ ಎಲ್ಲ ಕೂತು ಹೇಳಿಕೊಡುವವರು. ಅದರ ಒಂದು ವರ್ಷದ ಪಿಜಿ ಡಿಪ್ಲೊಮಾ ಮಾಡಬಹುದಾ, ದುಡ್ಡಿಗೆ ಮೋಸ ಇಲ್ವಾ ಅಂತ ನಮ್ಮ ಕಡೆಯ ನರ್ಸ್‌ಗಳು, ಡಯಟೀಷಿಯನ್‌ಗಳು ಕೇಳುತ್ತಲೇ ಇರುತ್ತಾರೆ. ನಾನು ಬಿಎಸ್ಸಿ ನರ್ಸಿಂಗ್ ಓದಿದವಳು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಲೇ ಇದನ್ನು ಮುಗಿಸಿದೆ. ಸಂಸ್ಥೆ ಬೆಂಗಳೂರಿನದು, ಹೆಸರು ಬೇಡ. ಕೈಯಲ್ಲಿ ಮಾಡುವ ಕೆಲಸವನ್ನು ತುಂಬಾ ಚೆನ್ನಾಗಿ ಕಲಿಸಿದರು, ಅಷ್ಟಕ್ಕೇ ಸೇರಿದರೂ ನಷ್ಟವಿಲ್ಲ. ಆದರೆ ಅವರ ಪಾಠದಲ್ಲಿ ಬರುವ ರೋಗಿಗೆ ಮನೆಯಲ್ಲಿ ಫ್ರಿಜ್ ಇರುತ್ತದೆ, ಹೊತ್ತಿಗೆ ಸರಿಯಾಗಿ ಊಟ ಇರುತ್ತದೆ, ಇಂಗ್ಲಿಷ್ ಓದೋಕೆ ಬರುತ್ತದೆ. ಸಿರುಗುಪ್ಪ, ಕುರುಗೋಡು, ಸಂಡೂರಿನಿಂದ ನಮ್ಮ ಹತ್ತಿರ ಬರುವವರು ಹಾಗಿಲ್ಲ.

ಪಾಠ ಹೆಚ್ಚಾಗಿ ಭಾನುವಾರ, ಆನ್‌ಲೈನ್‌ನಲ್ಲಿ. ಪ್ರಾಕ್ಟಿಕಲ್‌ಗೆ ಮಾತ್ರ ಬೆಂಗಳೂರಿಗೆ ಹೋಗಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಫೀಸು ಕಂತಿನಲ್ಲಿ ಕಟ್ಟಲು ಬಿಟ್ಟರು. ಲಾಗ್‌ಬುಕ್ ಇದೆ, ಕೇಸ್ ಸ್ಟಡಿ ಇದೆ, ಕೊನೆಗೆ ಪರೀಕ್ಷೆ.

ಪ್ರಾಕ್ಟಿಕಲ್ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಕೋರ್ಸಿನ ಜೀವ ಇರುವುದೇ ಅಲ್ಲಿ. ಮೊದಲ ಕ್ಲಾಸಿನಲ್ಲೇ ಸಿರಿಂಜಿಗೆ ಸಲೈನ್ ತುಂಬಿಸಿ, ನಿಮ್ಮ ಹೊಟ್ಟೆಗೆ ನೀವೇ ಚುಚ್ಚಿಕೊಳ್ಳಿ ಅಂದರು. ದಿನಾ ಹತ್ತಾರು ಜನಕ್ಕೆ ಸೂಜಿ ಹಾಕುವ ನರ್ಸ್‌ಗಳೂ ಅಲ್ಲಿ ಒಂದು ಗಳಿಗೆ ತಡೆದು ನಿಂತರು. 'ಏನೂ ಆಗಲ್ಲಮ್ಮ, ಸುಮ್ನೆ ಚುಚ್ಚಿಕೊಳ್ಳಿ' ಅಂತ ರೋಗಿಗೆ ಹೇಳುವುದು ಎಷ್ಟು ಹಗುರವಾದ ಮಾತು ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಸಿರಿಂಜು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಮಿಲಿಗೆ 100 ಯೂನಿಟ್‌ನದಕ್ಕೆ ಕಿತ್ತಳೆ ಕ್ಯಾಪ್. ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟರೆ ಏನಾಗುತ್ತದೆ ನೋಡಿ. 40ರ ಬಾಟಲಿಯಿಂದ ಕಿತ್ತಳೆ ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ತಿರುಗಾಮುರುಗಾ ಆದರೆ 20ರ ಜಾಗದಲ್ಲಿ 50 ಹೋಗುತ್ತದೆ, ಅದು ಜೀವಕ್ಕೇ ಅಪಾಯ. ಈ ಲೆಕ್ಕವನ್ನು ಬಾಯಿಪಾಠ ಆಗುವವರೆಗೂ ಬಿಡಲಿಲ್ಲ. ಈಗ ನಾನು ರೋಗಿಯ ಚೀಟಿ ನೋಡುವ ಮುಂಚೆ ಅವರ ಚೀಲದಲ್ಲಿರುವ ಸಿರಿಂಜ್, ಬಾಟಲಿ ಎರಡನ್ನೂ ಟೇಬಲ್ ಮೇಲೆ ಇಡಿಸುತ್ತೇನೆ.

ಇನ್ನೊಂದು, ಹೊಟ್ಟೆ ಮುಟ್ಟಿ ನೋಡುವುದು. ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿದರೆ ಚರ್ಮದ ಕೆಳಗೆ ಕೊಬ್ಬಿನ ಗಂಟು ಆಗುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಜನ ಮತ್ತೆ ಅಲ್ಲೇ ಚುಚ್ಚುತ್ತಾರೆ. ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಶುಗರ್ ಇಳಿಯುವುದಿಲ್ಲ, ಡೋಸ್ ಮಾತ್ರ ಏರುತ್ತಾ ಹೋಗುತ್ತದೆ. ಕುರುಗೋಡು ಕಡೆಯ ಒಬ್ಬ ಅಜ್ಜ ಬಂದಿದ್ದರು. ಹೊಕ್ಕಳ ಬಲಗಡೆ ಬೆರಳಾಡಿಸಿದರೆ ನಿಂಬೆಹಣ್ಣಿನ ಗಾತ್ರದ ಗಂಟು. 'ಇಲ್ಲಿ ಚುಚ್ಚಿದ್ರ ಗೊತ್ತಾಗಂಗಿಲ್ಲವಾ, ಅದಕ್ಕ ಇಲ್ಲೇ ಹಾಕ್ಕೊತೀನಿ' ಅಂದರು. ಜಾಗ ಬದಲಿಸಿ ಅಂದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಹೊಸ ಜಾಗದಲ್ಲಿ ಇನ್ಸುಲಿನ್ ಪೂರ್ತಿ ಕೆಲಸ ಮಾಡಿ ಶುಗರ್ ಧಡಕ್ಕನೆ ಇಳಿಯಬಹುದು, ಡೋಸ್ ಕಡಿಮೆ ಮಾಡಬೇಕಾ ಅಂತ ಮೊದಲು ಡಾಕ್ಟರ್ ಹತ್ತಿರ ಮಾತಾಡಬೇಕು. ಇದನ್ನು ಅವತ್ತು ನೆನಪಿಸಿದ್ದು ಕೋರ್ಸಿನ ನೋಟ್ಸೇ. ಕಾಲು ನೋಡುವುದನ್ನೂ ಇಷ್ಟೇ ಜತನದಿಂದ ಕಲಿಸಿದರು. 10 ಗ್ರಾಂ ಮೊನೊಫಿಲಮೆಂಟ್ ಅಂತ ಒಂದು ನೈಲಾನ್ ಎಳೆ, ಪಾದಕ್ಕೆ ಒತ್ತಿದಾಗ ಬಾಗುತ್ತದೆ. ಅದು ತಾಗಿದ್ದು ಗೊತ್ತಾಗದವರು ಹೊಲದಲ್ಲಿ ಬರಿಗಾಲಲ್ಲಿ ಮುಳ್ಳು ತುಳಿದರೂ ಗೊತ್ತಾಗುವುದಿಲ್ಲ.

ಇನ್ನು ಕೊರತೆ. ಊಟದ ಪಾಠ ನನಗೆ ನಿಜಕ್ಕೂ ಬೇಜಾರು ತಂದಿತು. ಕೊಟ್ಟ ಚಾರ್ಟಿನಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಒಂದು ಕಡೆಯೂ ಇಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಕಡೆ ಗದ್ದೆ ಜಾಸ್ತಿಯಾಗಿ, ತಟ್ಟೆಯಲ್ಲಿ ಸೋನಾ ಮಸೂರಿ ಅನ್ನ ಎಷ್ಟು ಏರಿದೆ ಅಂತ ಗೊತ್ತಿಲ್ಲದೆ ನಮ್ಮವರಿಗೆ ಊಟ ಹೇಳಿಕೊಡೋಕೆ ಆಗಲ್ಲ. ಬೆಳಗ್ಗೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ತಿನ್ನುವವರಿಗೆ 'ಬಿಡಿ' ಅಂದರೆ ಬಿಡುವುದಿಲ್ಲ. ಎಷ್ಟು, ಯಾವಾಗ, ಜೊತೆಗೆ ಏನು ಅಂತ ಕೂತು ಮಾತಾಡಬೇಕು. ರಂಜಾನ್ ಉಪವಾಸದ ಬಗ್ಗೆ ಒಂದು ಒಳ್ಳೆಯ ಪಾಠ ಇತ್ತು, ಮೆಚ್ಚಿಕೊಂಡೆ. ಶ್ರಾವಣ ಸೋಮವಾರದ ಉಪವಾಸ, ಅದರ ಮೇಲೆ ಒಂದು ತಟ್ಟೆ ಸಾಬುದಾಣಿ ಖಿಚಡಿ, ಇದರ ಸುದ್ದಿಯೇ ಇಲ್ಲ.

ಇನ್ಸುಲಿನ್ ಇಡುವುದನ್ನು 'ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ' ಅಂತ ಒಂದೇ ಸ್ಲೈಡಿನಲ್ಲಿ ಮುಗಿಸಿದರು. ಬೇಸಿಗೆಯಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋದರೆ ಫ್ರಿಜ್ ಇದ್ದರೂ ಅಷ್ಟೇ. ಬಳಸುತ್ತಿರುವ ಬಾಟಲಿಯನ್ನು ನೀರು ಒಳಗೆ ಹೋಗದ ಡಬ್ಬಿಯಲ್ಲಿಟ್ಟು, ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಸಣ್ಣ ಗಡಿಗೆ ಕೂರಿಸಿ, ಆ ಡಬ್ಬಿಯನ್ನು ಸಣ್ಣ ಗಡಿಗೆಯೊಳಗೆ ನೆರಳಲ್ಲಿ ಇಡುವುದನ್ನು ನಾನು ಬೇರೆ ಕಡೆ ಓದಿ ಕಲಿತೆ. ಫ್ರಿಜ್‌ನಷ್ಟು ತಂಪಾಗುವುದಿಲ್ಲ, ಆದರೆ ಹೊರಗಿನ ಕಾವಿನಿಂದ ಉಳಿಸುತ್ತದೆ.

ಕೂಲಿಗೆ ಹೋಗುವವರ ಕಥೆ ಬೇರೆ. ಮೆಣಸಿನಕಾಯಿ ಬಿಡಿಸೋಕೆ ನಸುಕಿನಲ್ಲೇ ಹೊರಡುವ ಹೆಣ್ಣುಮಕ್ಕಳು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಬುತ್ತಿ ಬಿಚ್ಚುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತದೆ. ಬೆವರು, ಕೈ ನಡುಕ, ಕಣ್ಣು ಮಂಜು. ಶುಗರ್ 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಚಮಚ, ನೀರಿಗೆ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಅಂತ ಕೋರ್ಸು ಹೇಳಿಕೊಟ್ಟಿತು. ಹೊಲದಲ್ಲಿ ಗ್ಲೂಕೋಮೀಟರ್ ಎಲ್ಲಿಂದ ತರೋದು? ಸೆರಗಿನ ತುದಿಗೆ ಸಕ್ಕರೆ ಪೊಟ್ಟಣ ಕಟ್ಟಿಕೊಳ್ಳಿ, ಮೈ ನಡುಗಿದರೆ ಕಾಯಬೇಡಿ ಅಂತ ನಾವೇ ಹೇಳಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮಾಡುವವರಿಗೂ 'ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ' ಅನ್ನುವ ಪಾಠ ಹೊಂದುವುದಿಲ್ಲ.

ಆದರೂ ಈ ಕೆಲಸಕ್ಕೆ ಜನ ಬೇಕೇ ಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಇಷ್ಟು ಜನಕ್ಕೆ ಡಾಕ್ಟರ್ ಒಬ್ಬರೇ ಕೂತು ಎಲ್ಲ ವಿವರಿಸೋಕೆ ಆಗುತ್ತಾ?

ಸಂಬಳದ ಮಾತು ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ತಂದುಕೊಟ್ಟರೂ ನಾನು ಈಗಲೂ ಸ್ಟಾಫ್ ನರ್ಸೇ. ನನಗೆ ಗೊತ್ತಿರುವ ಇಲ್ಲಿನ ಆಸ್ಪತ್ರೆಗಳಲ್ಲಿ ಎಜುಕೇಟರ್ ಅಂತ ಬೇರೆ ಹುದ್ದೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಪಿಜಿ ಕೋರ್ಸ್ ಜೊತೆಗೆ 1000 ಗಂಟೆ ರೋಗಿಗಳ ಜೊತೆ ಕೆಲಸ ಮಾಡಿ ತೋರಿಸಿದರಷ್ಟೇ ಪೂರ್ಣ ಮಾನ್ಯತೆ ಕೊಡುತ್ತಾರೆ, ಅಲ್ಲಿ ಅದೊಂದು ಪ್ರತ್ಯೇಕ ವೃತ್ತಿ. ಇಲ್ಲಿ ಆ ದಿನ ಬರುವವರೆಗೆ ಸಂಬಳ ಏರುತ್ತದೆ ಅಂತ ನಂಬಿ ಸಾಲ ಮಾಡಿ ಸೇರಬೇಡಿ. ಫೀಸು ಕಟ್ಟುವ ಮುಂಚೆ ಪ್ರಾಕ್ಟಿಕಲ್ ಎಷ್ಟು ದಿನ, ನಿಜವಾದ ರೋಗಿಗಳ ಜೊತೆ ಕೂರಿಸುತ್ತಾರಾ ಅಂತ ಫೋನ್ ಮಾಡಿ ಕೇಳಿ. ಬರೀ ಆನ್‌ಲೈನ್ ಅಂದರೆ ಬೇರೆ ಕೋರ್ಸ್ ನೋಡಿ.