ಫ್ಲೂ ಜ್ವರಕ್ಕೆ ಮ್ಯಾಗ್ನೆಟ್ ಥೆರಪಿ ಕಿಟ್: ಮೂರು ವರ್ಷ ಬಳಸಿದವರ ಅನುಭವ

ಮೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ನಡೆದ ಒಂದು ಮಾರಾಟ ಮೇಳದಲ್ಲಿ 2,400 ರೂಪಾಯಿ ಕೊಟ್ಟು ಈ ಕಿಟ್ ಕೊಂಡೆ. ಹನ್ನೆರಡು ಅಯಸ್ಕಾಂತದ ಬಿಲ್ಲೆಗಳನ್ನು ಒಳಗಿಟ್ಟು ಹೊಲಿದ ಕುತ್ತಿಗೆಪಟ್ಟಿ, ಸೊಂಟದ ಬೆಲ್ಟ್ ಮತ್ತು ಮೇಲೆ ನೀರಿನ ಲೋಟ ಇಡುವುದಕ್ಕೆಂದು ಒಂದು ದಪ್ಪ ಅಯಸ್ಕಾಂತ ಅದರಲ್ಲಿದ್ದವು. ಫ್ಲೂ ಬಂದಾಗ ಮಾತ್ರೆಯ ಜೊತೆಗೆ ಇದನ್ನೂ ಬಳಸಿದರೆ ರಕ್ತದಲ್ಲಿರುವ ಕಬ್ಬಿಣವನ್ನು ಅಯಸ್ಕಾಂತ ಸೆಳೆಯುತ್ತದೆ, ರಕ್ತಸಂಚಾರ ಚುರುಕಾಗುತ್ತದೆ, ಎರಡು ದಿನ ಮೊದಲೇ ಹಾಸಿಗೆ ಬಿಟ್ಟು ಏಳಬಹುದು ಎಂದು ಮಾರಿದವರು ಹೇಳಿದ್ದರು.

ಮೊದಲ ಸಲ ಬಳಸಿದ್ದು ಆ ವರ್ಷದ ಸಂಕ್ರಾಂತಿ ಕಳೆದ ವಾರದಲ್ಲಿ. ಕುವೆಂಪುನಗರದ ನಮ್ಮ ಮನೆಯಲ್ಲಿ ನನಗೂ ನಮ್ಮ ಯಜಮಾನರಿಗೂ ಒಂದೇ ದಿನದ ಅಂತರದಲ್ಲಿ ಜ್ವರ ಬಂತು. ನಾನು ಬೆಳಿಗ್ಗೆ, ಸಂಜೆ ನಲವತ್ತು ನಿಮಿಷ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದೆ. ಅವರು ಅದನ್ನು ಮುಟ್ಟಲಿಲ್ಲ. ಥರ್ಮಾಮೀಟರಿನ ಅಂಕಿಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಡುತ್ತಿದ್ದೆ. ಇಬ್ಬರಿಗೂ ಜ್ವರ ಇಳಿದದ್ದು ನಾಲ್ಕನೆಯ ದಿನ, ಇಬ್ಬರಿಗೂ ಕೆಮ್ಮು ಉಳಿದದ್ದು ಎರಡು ವಾರ. ಇಬ್ಬರನ್ನು ಹೋಲಿಸಿ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದು ನನಗೆ ಗೊತ್ತು, ಆದರೆ ಫ್ಲೂ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುವ ಕಾಯಿಲೆಯಾದ್ದರಿಂದ, ಆ ವಾರದಲ್ಲಿ ನಾವು ಏನು ಕಟ್ಟಿಕೊಂಡಿದ್ದರೂ ಗುಣವಾದದ್ದರ ಶ್ರೇಯಸ್ಸು ಅದಕ್ಕೇ ಹೋಗಿಬಿಡುತ್ತದೆ.

ಹಾಗೆಂದು ನನಗೆ ಹಿತವೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕುತ್ತಿಗೆಯ ನೋವು ಕಡಿಮೆಯಾದಂತೆ ಅನಿಸುತ್ತಿತ್ತು, ನಿದ್ದೆಯೂ ಬರುತ್ತಿತ್ತು. ದಪ್ಪ ಬಟ್ಟೆಯ ಬಿಸುಪು, ದಿನಕ್ಕೆರಡು ಸಲ ಅಡುಗೆಮನೆಯ ಚಿಂತೆ ಬಿಟ್ಟು ಅಲುಗಾಡದೆ ಮಲಗಿದ್ದು, ಅಯಸ್ಕಾಂತದ ನೀರೆಂದು ಹೇಳಿ ಲೋಟಗಟ್ಟಲೆ ನೀರು ಕುಡಿದದ್ದು, ಇವೆಲ್ಲ ಜ್ವರ ಬಂದ ದೇಹಕ್ಕೆ ಬೇಕಾದವೇ. ನೀರು ಮಾತ್ರ ರಾತ್ರಿಯಿಡೀ ಅಯಸ್ಕಾಂತದ ಮೇಲಿದ್ದರೂ ಅದರ ಗುಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಂಬಿಕೆಯ ಪಾಲೂ ಇತ್ತೆಂದು ಈಗ ತಿಳಿಯುತ್ತಿದೆ. 1784ರಲ್ಲಿ ಪ್ಯಾರಿಸ್‌ನಲ್ಲಿ ಮೆಸ್ಮರ್ ಎಂಬ ವೈದ್ಯನ ಕಾಂತಚಿಕಿತ್ಸೆಯ ವಿಚಾರಣೆಗೆ ದೊರೆ ನೇಮಿಸಿದ ಸಮಿತಿಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಇಬ್ಬರೂ ಇದ್ದರು. ರೋಗಿಗಳಿಗೆ ಆಗುತ್ತಿದ್ದ ಅನುಭವ ಅವರ ಕಲ್ಪನೆಯಿಂದ ಹುಟ್ಟಿದ್ದೆಂದು ಆ ಸಮಿತಿ ಹೇಳಿತ್ತು.

ರಕ್ತದ ಕಬ್ಬಿಣದ ಮಾತನ್ನು ನಾನೇ ಪರೀಕ್ಷಿಸಿ ನೋಡಿದೆ. ಮಂಡ್ಯದಲ್ಲಿರುವ ನಮ್ಮ ಅತ್ತೆ ಮನೆಯಲ್ಲೇ ಶುಗರ್ ನೋಡಿಕೊಳ್ಳುತ್ತಾರೆ. ಅವರು ಬೆರಳು ಚುಚ್ಚಿಕೊಂಡಾಗ ಒಂದು ಹನಿಯನ್ನು ಗಾಜಿನ ತಟ್ಟೆಯ ಮೇಲೆ ಬೀಳಿಸಿ, ಪಕ್ಕದಲ್ಲಿ ಒಂದು ಗುಂಡುಸೂಜಿಯನ್ನಿಟ್ಟು ಅಯಸ್ಕಾಂತವನ್ನು ಹತ್ತಿರ ತಂದೆ. ಎರಡು ಬೆರಳಿನಷ್ಟು ದೂರವಿರುವಾಗಲೇ ಸೂಜಿ ಟಣ್ಣೆಂದು ಹಾರಿ ಅಂಟಿಕೊಂಡಿತು. ರಕ್ತದ ಹನಿ ಇದ್ದಲ್ಲೇ ಇದ್ದು, ಅಂಚಿನಿಂದ ಒಣಗತೊಡಗಿತು. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯಲ್ಲಿರುವ ಕಬ್ಬಿಣದಂತಲ್ಲ. ಆಮ್ಲಜನಕ ತುಂಬಿದ ರಕ್ತವಂತೂ ಅಯಸ್ಕಾಂತದಿಂದ ಎಷ್ಟೋ ಸೂಕ್ಷ್ಮವಾಗಿ ದೂರಕ್ಕೇ ಸರಿಯುತ್ತದೆ. ದೇಹದ ಒಳಚಿತ್ರ ತೆಗೆಯುವ ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವುದು ಭಾರೀ ಅಯಸ್ಕಾಂತ; ಅದರ ಬಲ, ಅಯಸ್ಕಾಂತದ ಬಲ ಅಳೆಯುವ ಟೆಸ್ಲಾ ಲೆಕ್ಕದಲ್ಲಿ, ಸಾಮಾನ್ಯವಾಗಿ 1.5. ಅದರೊಳಗೆ ಮಲಗಿದವರ ರಕ್ತವೇ ಒಂದು ಕಡೆಗೆ ಎಳೆದುಕೊಂಡು ಹೋಗದಿರುವಾಗ ಈ ಬಿಲ್ಲೆಗಳಿಂದ ಏನಾದೀತು?

ನನ್ನ ನಿಜವಾದ ನೋವು ಬೇರೆಯೇ ಇದೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂದಾಗ ಈ ಕಿಟ್ ಅನ್ನು ಮಂಡ್ಯಕ್ಕೆ ಕೊಂಡೊಯ್ದು ಕಟ್ಟಿದವಳು ನಾನೇ. ಮೈಕೈ ನೋವು ತಗ್ಗಿತೆಂದು ಅವರು ಹೇಳಿದ್ದನ್ನು ನಂಬಿ, ಎಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆಯವರನ್ನು ಮೂರು ದಿನ ಡಾಕ್ಟರ ಬಳಿ ಕರೆದೊಯ್ಯದೆ ಇಟ್ಟುಕೊಂಡೆವು. ನಾಲ್ಕನೆಯ ದಿನ ಬೆಳಿಗ್ಗೆ ಅವರಿಗೆ ಮಾತಾಡುವಾಗ ಉಸಿರು ಕಟ್ಟುತ್ತಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದು ಗುಣಮುಖರಾದರು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಲಕ್ಷಣ ಕಂಡ 48 ಗಂಟೆಗಳೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ, ವಯಸ್ಸಾದವರನ್ನು ಮೊದಲ ದಿನವೇ ಕರೆತರಬೇಕಿತ್ತು ಎಂದು ಅಲ್ಲಿನ ವೈದ್ಯರು ಹೇಳಿದಾಗ ನಾನು ತಲೆತಗ್ಗಿಸಿ ನಿಂತಿದ್ದೆ. ಅತ್ತೆ ಮಾತ್ರ, "ಬಿಡು ಮಗಾ, ನೀನು ಒಳ್ಳೇದಕ್ಕೇ ಮಾಡಿದ್ದು" ಎಂದರು. ಅಂದಿನಿಂದ ವರ್ಷಕ್ಕೊಮ್ಮೆ ಅವರಿಗೂ ನಮಗೂ ಫ್ಲೂ ಲಸಿಕೆ ಹಾಕಿಸುತ್ತಿದ್ದೇನೆ.

ಆದ್ದರಿಂದ ಫ್ಲೂಗೆಂದು ಕೊಳ್ಳುವುದಾದರೆ ಈ ಕಿಟ್‌ಗೆ ನಾನು ಐದರಲ್ಲಿ ಒಂದು ಅಂಕ ಮಾತ್ರ ಕೊಡುತ್ತೇನೆ, ಅದೂ ಹೊಲಿಗೆ ಮೂರು ವರ್ಷವಾದರೂ ಬಿಚ್ಚಿಕೊಳ್ಳದಷ್ಟು ಗಟ್ಟಿಯಾಗಿದ್ದುದಕ್ಕೆ. ಪೇಸ್‌ಮೇಕರ್ ಅಥವಾ ಇನ್ಸುಲಿನ್ ಪಂಪ್ ಇರುವವರು ಇಂಥವನ್ನು ಮೈಗೆ ಕಟ್ಟಿಕೊಳ್ಳಲೇಬಾರದು; ನನಗೆ ಮಾರಿದವರು ಈ ಮಾತನ್ನು ಹೇಳಲಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ.

ಈ ವರ್ಷ ಮತ್ತೆ ಜ್ವರ ಬಂದಾಗ ಕುತ್ತಿಗೆಪಟ್ಟಿಯ ಬಿಲ್ಲೆಗಳನ್ನೆಲ್ಲ ಬಿಚ್ಚಿ ತೆಗೆದು ಬರೀ ಬಟ್ಟೆಯನ್ನು ಸುತ್ತಿಕೊಂಡೆ. ಹಿಂದಿನಷ್ಟೇ ಹಿತವಾಗಿತ್ತು. ಪುಟ್ಟ ಮಕ್ಕಳು ಎರಡು ಬಿಲ್ಲೆ ನುಂಗಿದರೆ ಅವು ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ಅಪಾಯವಾಗುತ್ತದೆ. ರಜೆಗೆ ಮೊಮ್ಮಗು ಬರುವುದರಿಂದ, ಬಿಚ್ಚಿದ ಹನ್ನೆರಡನ್ನೂ ಎಣಿಸಿ ಬಿಗಿ ಮುಚ್ಚಳದ ಡಬ್ಬಿಯೊಂದಕ್ಕೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ.