ಮುಂಬಯಿಯನ್ನು ತಿನ್ನುತ್ತಾ ನೋಡಲು ಮೂರು ನಡಿಗೆ: ಯಾವುದು ಯಾರಿಗೆ?

ಊರಿನಿಂದ ನೆಂಟರು ಬಂದರೆ ಮುಂಬಯಿಯ ನಮ್ಮಂಥವರು ತೋರಿಸುವುದು ಹೆಚ್ಚೂಕಡಿಮೆ ಒಂದೇ: ಗೇಟ್‌ವೇ ಮುಂದೆ ಫೋಟೊ, ಚೌಪಾಟಿಯಲ್ಲಿ ಭೇಳ್, ಕತ್ತಲಾಗುತ್ತಲೇ ಲೋಕಲ್ ಹಿಡಿದು ಮನೆ. ಹದಿನೇಳು ವರ್ಷದಿಂದ ಮುಲುಂಡದಲ್ಲಿರುವ ನಾನೂ ಇಷ್ಟನ್ನೇ ಮಾಡುತ್ತಾ ಬಂದಿದ್ದೆ. ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಸೋದರತ್ತೆ ಬಂದರು. ನಾವೆಲ್ಲ ಕರೆಯುವುದು ಅತ್ಯಾ ಎಂದೇ. ಎಪ್ಪತ್ಮೂರು ವಯಸ್ಸು, ಮಂಡಿನೋವು, ಶುದ್ಧ ಸಸ್ಯಾಹಾರ. ಬಂದ ದಿನವೇ ಹೇಳಿದರು: "ನಾ ಹುಟ್ಟಿದ್ದು ಬಾಂಬೆ ಸ್ಟೇಟದಾಗ. ಬಾಂಬೆ ಮಾತ್ರ ಇನ್ನೂ ನೋಡಿಲ್ಲ ನೋಡವಾ."

ಧಾರವಾಡ ಆಗ ಬಾಂಬೆ ರಾಜ್ಯದಲ್ಲಿತ್ತು. ಅತ್ಯಾರ ಆ ಮಾತಿಗಾಗಿ ಮೂರು ವಾರದಲ್ಲಿ ಮೂರು ನಡಿಗೆಗೆ ಹೋದೆ. ಒಂದು, ಫೋರ್ಟಿನಲ್ಲಿ ಬೆಳಗಿನ ಪಾರಂಪರಿಕ ನಡಿಗೆ, ಕೊನೆಗೆ ಇರಾನಿನಿಂದ ಬಂದವರು ಶುರುಮಾಡಿದ ಇರಾನಿ ಹೋಟೆಲಿನಲ್ಲಿ ನಾಷ್ಟಾ. ತಲೆಗೆ 900 ರೂಪಾಯಿ, ತಿಂಡಿಯ ಖರ್ಚು ಬೇರೆ. ಎರಡು, ಕ್ರಾಫರ್ಡ್ ಮಾರ್ಕೆಟ್‌ನಿಂದ ಮೊಹಮ್ಮದ್ ಅಲಿ ರೋಡ್, ಬೋಹ್ರಿ ಮೊಹಲ್ಲಾದವರೆಗಿನ ರಾತ್ರಿ ತಿಂಡಿ ನಡಿಗೆ. ತಿಂಡಿ ಸೇರಿ 2,600. ಮೂರನೆಯದು ದಕ್ಷಿಣ ಭಾರತೀಯರು ನೆಲೆಸಿದ ಮಾಟುಂಗಾ. ಅಲ್ಲಿ ಕಂಪನಿ ಇಲ್ಲ, ಟಿಕೆಟ್ ಇಲ್ಲ. ನಮ್ಮ ಸೊಸೈಟಿಯ ಶೆಟ್ಟರು ಕೈಹಿಡಿದು ತಿರುಗಿಸಿದರು.

ಒಂದೇ ದಿನ ಇದ್ದರೆ ಯಾವುದು ಎಂದು ಕೇಳಿದರೆ, ಫೋರ್ಟ್. ಅತಿ ಕಡಿಮೆ ತಿಂದದ್ದು ಅಲ್ಲೇ, ಆದರೂ ಅದೇ.

ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಎದುರು ಬೆಳಿಗ್ಗೆ ಏಳೂವರೆಗೆ ಸೇರಿದೆವು. ಒಟ್ಟು ಎಂಟು ಜನ. ಗೈಡ್ ಇಪ್ಪತ್ತೇಳು ಇಪ್ಪತ್ತೆಂಟರ ಮರಾಠಿ ಹುಡುಗಿ. ಅತ್ಯಾ ಕುಂಟುವುದನ್ನು ನೋಡಿದವಳೇ ದಾರಿಯನ್ನು ಬದಲಾಯಿಸಿದಳು, ಎಲ್ಲೆಲ್ಲಿ ಕೂರಲು ಕಟ್ಟೆ ಇದೆಯೋ ಅಲ್ಲಲ್ಲಿ ನಿಂತು ಮಾತಾಡಿದಳು. ಗುಂಪು ಸಣ್ಣದಿದ್ದರೆ ಆಗುವ ಉಪಕಾರ ಇದು. ಎಫ್. ಡಬ್ಲ್ಯೂ. ಸ್ಟೀವನ್ಸ್ ಕಟ್ಟಿದ ಸ್ಟೇಷನ್, 2004ರಲ್ಲಿ ಅದಕ್ಕೆ ಸಿಕ್ಕ ಯುನೆಸ್ಕೊ ಮಾನ್ಯತೆ, ಇವನ್ನೆಲ್ಲ ಬೇಗ ಮುಗಿಸಿ ನೇರ ಹಳೆಯ ಕೋಟೆಯ ಕಥೆಗೆ ಬಂದಳು. ಸೇಂಟ್ ಥಾಮಸ್ ಕ್ಯಾಥೆಡ್ರಲ್ 1718ರದು. ಕೋಟೆಗೋಡೆಯಲ್ಲಿ ಆ ಚರ್ಚಿನತ್ತ ತೆರೆಯುತ್ತಿದ್ದ ಬಾಗಿಲೇ ಚರ್ಚ್‌ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲಕ್ಕೆ ಗೋಡೆ ಬಿತ್ತು, ಬಾಗಿಲೂ ಹೋಯಿತು, ಹೆಸರು ಮಾತ್ರ ಸ್ಟೇಷನ್ನಿಗೆ ಉಳಿಯಿತು. ಎಷ್ಟು ವರ್ಷ ಚರ್ಚ್‌ಗೇಟ್ ಫಾಸ್ಟ್ ಹಿಡಿದಿದ್ದೇನೆ, ಚರ್ಚ್ ಎಲ್ಲಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಲ್ಲಿಂದ ಮುಂಬಯಿ ವಿಶ್ವವಿದ್ಯಾಲಯದ ಆವರಣದ ಗಡಿಯಾರ ಗೋಪುರ, ರಾಜಾಬಾಯಿ ಗೋಪುರ. ಅಮೆರಿಕದ ಅಂತರ್ಯುದ್ಧದಲ್ಲಿ ಲ್ಯಾಂಕಶೈರ್ ಗಿರಣಿಗಳಿಗೆ ಆ ಕಡೆಯ ಹತ್ತಿ ನಿಂತುಹೋಗಿ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಕಾಲದಲ್ಲಿ ಹಣ ಕಂಡ ಪ್ರೇಮಚಂದ್ ರಾಯಚಂದ್ ಕೊಟ್ಟ ದಾನದಿಂದ 1878ರಲ್ಲಿ ಗೋಪುರ ಮುಗಿಯಿತು. ರಾಜಾಬಾಯಿ ಅವರ ತಾಯಿ. ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲು ಅವರ ಊಟ ಮುಗಿಯಬೇಕು. ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಹೊತ್ತು ತಿಳಿಸಲು ಈ ಗಂಟೆ ನೆರವಾಗುತ್ತಿತ್ತು ಎನ್ನುತ್ತಾರೆ. ಮೂರೂ ನಡಿಗೆಯಲ್ಲಿ ನಾನು ಕೇಳಿದ ಅತ್ಯುತ್ತಮ ಊಟದ ಕಥೆ ಇದೇ, ಕೇಳಿದ್ದು ತಿನ್ನಲು ಏನೂ ಇಲ್ಲದ ಫುಟ್‌ಪಾತಿನಲ್ಲಿ ನಿಂತು.

ಹತ್ತಿ ಎಂದ ಕೂಡಲೇ ನನಗೆ ಸುಮ್ಮನಿರಲಾಗಲಿಲ್ಲ. ಗೈಡ್ ಗುಜರಾತ್, ಖಾನ್‌ದೇಶ ಎಂದಷ್ಟೇ ಹೇಳಿದ್ದಳು. ಅದೇ ಕಾಲದ ಮುಂಬಯಿ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂಬ ಹತ್ತಿಯ ಜಾತಿಯೇ ಇತ್ತು, ನಮ್ಮ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು ಎಂದೆ. ಆಕೆ ಚೀಟಿ ತೆಗೆದು ಬರೆದುಕೊಂಡಳು. ಆ ಚೀಟಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಅಷ್ಟರಲ್ಲಿ ಅತ್ಯಾ ಕಂಬಿಗಳನ್ನು ಹಿಡಿದು ಒಳಗೆ ನೋಡುತ್ತಿದ್ದರು. "ನಮ್ಮ ಅಪ್ಪಾರ ಬಿ.ಎ. ಸರ್ಟಿಫಿಕೇಟ್ ಮ್ಯಾಲೆ ಬರದದ್ದು ಇದ ಯೂನಿವರ್ಸಿಟಿ ಏನ?" ಹೌದು. ಅಜ್ಜ ಓದಿದ ಕರ್ನಾಟಕ ಕಾಲೇಜು ಆಗ ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದೂ 1949ರಲ್ಲಿ ಇದೇ ಮುಂಬಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಹೋಯಿತು. ಆ ಪ್ರಮಾಣಪತ್ರ ಕಟ್ಟು ಹಾಕಿಸಿ ಈಗಲೂ ಮಾಳಮಡ್ಡಿಯ ಮನೆಯ ನಡುಮನೆಯಲ್ಲಿ ಇದೆ. ಗೈಡ್ ಗಡಿಯಾರ ನೋಡಿಕೊಳ್ಳಲಿಲ್ಲ. ಮುಂದಿನ ಗಂಟೆ ಬಾರಿಸುವವರೆಗೂ ಅತ್ಯಾ ಅಲ್ಲೇ ನಿಂತರು, ಉಳಿದವರೂ ನಿಂತರು.

ತಿಂಡಿಗೆ ಧೋಬಿ ತಲಾವಿನ ಕಯಾನಿ. 1904ರ ಇರಾನಿ ಹೋಟೆಲು. ಮರದ ಕುರ್ಚಿ, ಚೌಕಳಿ ಬಟ್ಟೆ ಹಾಸಿದ ಮೇಜು. ಬೆಣ್ಣೆ ಹಚ್ಚಿದ ಬನ್ ಮಸ್ಕಾ ಅತ್ಯಾಗೆ ಹಿಡಿಸಿತು, ಬ್ರುನ್ ಪಾವ್ ಹಲ್ಲಿಗೆ ಗಟ್ಟಿಯಾಯಿತು. ಬ್ರುನ್ ಚಹಾದಲ್ಲಿ ಅದ್ದಲಿಕ್ಕೆಂದೇ ಇರುವುದು: ಮೇಲಿನ ಸಿಪ್ಪೆ ಕಟುಂ ಎನ್ನಬೇಕು, ಒಳಗಿನದು ಚಹಾ ಹೀರಿ ಮೆತ್ತಗಾಗಬೇಕು. ಪಾವ್ ಪೋರ್ಚುಗೀಸರ ಮಾತು, ಅವರ ಜೊತೆ ಬಂದದ್ದು. ಬಟಾಟೆಯೂ ಹಾಗೇ. ಎರಡೂ ಸೇರಿ ವಡಾ ಪಾವ್ ಆದದ್ದು 1966ರಲ್ಲಿ, ದಾದರ್ ಸ್ಟೇಷನ್ ಹೊರಗಿನ ಅಶೋಕ್ ವೈದ್ಯರ ಗಾಡಿಯಲ್ಲಿ ಎಂದು ಹೇಳುತ್ತಾರೆ. ಇದನ್ನು ಗೈಡ್ ಪಾವ್ ನಮ್ಮ ಕೈಯಲ್ಲಿದ್ದಾಗಲೇ ಹೇಳಿದಳು, ಆದ್ದರಿಂದ ನೆನಪಿನಲ್ಲಿ ಉಳಿಯಿತು.

ರಾತ್ರಿಯ ನಡಿಗೆಗೆ ಅತ್ಯಾ ಬರಲಿಲ್ಲ. ಮಂಗಳೂರಿನ ಗೆಳತಿಯ ಜೊತೆ ಹೋದೆ. ಅವಳಿಗೆ ಎಲ್ಲ ನಡೆಯುತ್ತದೆ, ನಾನು ಸಸ್ಯಾಹಾರಿ. ಬುಕ್ ಮಾಡುವಾಗಲೇ ಬರೆದು ತಿಳಿಸಿದ್ದೆ. ಹದಿನಾಲ್ಕು ಜನ, ಎರಡೂವರೆ ಗಂಟೆ, ಒಂಬತ್ತು ತಿಂಡಿ. ಲೆಕ್ಕ ಹಾಕಿದರೆ ನಡೆಯುವ ಹೊತ್ತೂ ಸೇರಿ ಒಂದೊಂದು ಕಡೆ ಹದಿನೇಳು ನಿಮಿಷವೂ ಇಲ್ಲ. ಕ್ರಾಫರ್ಡ್ ಮಾರ್ಕೆಟ್ 1869ರದು, ಬಾಗಿಲ ಮೇಲಿನ ಕಲ್ಲಿನ ಕೆತ್ತನೆ ಲಾಕ್‌ವುಡ್ ಕಿಪ್ಲಿಂಗರದು. ರೈತರು, ಸಂತೆ, ಅಷ್ಟು ಚೆಂದದ ಉಬ್ಬುಚಿತ್ರ. ತಲೆ ಎತ್ತಿ ನೋಡುವಷ್ಟರಲ್ಲಿ "ಚಲಿಯೇ, ಚಲಿಯೇ" ಎಂದರು.

ಆದರೂ ತಿಂಡಿ ದೊಡ್ಡದೇ. ಗೆಳತಿ ಸೀಖ್ ಕಬಾಬಿಗೂ ಮೂಳೆಮಜ್ಜೆಯ ನಲ್ಲಿ ನಿಹಾರಿಗೂ ಮರುಳಾದಳು, ಈ ರುಚಿಗೆ 2,600 ಸರಿಯೇ ಎಂದಳು. ನನಗೆ ಇಷ್ಟವಾದದ್ದು ಬೋಹ್ರಿ ಮೊಹಲ್ಲಾದ ಕೈಯಿಂದ ತಿರುವಿದ ಐಸ್‌ಕ್ರೀಮ್. ತಾಮ್ರದ ಡಬ್ಬಿಯ ಸುತ್ತ ಮಂಜುಗಡ್ಡೆ, ಅದಕ್ಕೆ ಉಪ್ಪು. ಉಪ್ಪು ಬಿದ್ದ ಮಂಜು ಕರಗುತ್ತಾ ಸೊನ್ನೆಗಿಂತ ಕೆಳಗಿಳಿಯುತ್ತದೆ, ಒಳಗಿನ ಹಾಲು ಹೆಪ್ಪುಗಟ್ಟುತ್ತದೆ. ಕರೆಂಟಿನ ಹಂಗಿಲ್ಲ. ಸೀತಾಫಲದ ತೊಳೆ ತೊಳೆಯಾಗಿಯೇ ಬಾಯಿಗೆ ಸಿಗುತ್ತಿತ್ತು.

ಮಿನಾರಾ ಮಸೀದಿಯ ಓಣಿಯಲ್ಲಿ ಮಾಲ್‌ಪುವಾ. ಅಗಲವಾದ ಚಪ್ಪಟೆ ಕಡಾಯಿಯಲ್ಲಿ ಹಿಟ್ಟು ಸುರಿದರೆ ಅಂಚು ಜಾಲರಿಯಂತೆ ಅರಳುತ್ತದೆ. ಎರಡು ಸಟ್ಟುಗದಲ್ಲಿ ಎತ್ತಿ ಮಗುಚಿ, ಮೇಲೆ ರಬಡಿ ಹಾಕಿ ಕೊಡುತ್ತಾರೆ. ಸಿಹಿ ಎಲ್ಲ ವೆಜ್ ಎಂದು ಗೈಡ್ ಹೇಳಿದ್ದರು. ನಾನು ತುಂಡು ಮುರಿದಾಗ ಪಕ್ಕದಲ್ಲಿ ಪಾರ್ಸೆಲ್‌ಗೆ ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮ ಕನ್ನಡ ಕೇಳಿಸಿಕೊಂಡು ಹೇಳಿದರು: "ಅಮ್ಮಾ, ನೀವು ಮೊಟ್ಟೆ ತಿನ್ನುತ್ತೀರಾ? ಇದರಲ್ಲಿ ಇರುತ್ತದೆ." ಭಟ್ಕಳದವರು, ಬಟ್ಟೆ ವ್ಯಾಪಾರ. ಅವರೇ ನನಗೊಂದು ಮಣ್ಣಿನ ಕುಡಿಕೆಯ ಫಿರ್ನಿ ತರಿಸಿಕೊಟ್ಟರು, ದುಡ್ಡು ಕೊಡಲು ಬಿಡಲಿಲ್ಲ. ಅವರ ಜೊತೆ ಐದು ನಿಮಿಷ ಮಾತಾಡಬೇಕೆಂದಿತ್ತು. ಗುಂಪು ಆಗಲೇ ತಿರುವು ದಾಟಿತ್ತು.

ಈ ಸಿಟ್ಟು ನನಗಿನ್ನೂ ಇಳಿದಿಲ್ಲ. ಯಾರು ಏನು ತಿನ್ನುವುದಿಲ್ಲ ಎನ್ನುವುದು ತಿಂಡಿ ನಡಿಗೆ ನಡೆಸುವವರಿಗೆ ಮೊದಲು ಗೊತ್ತಿರಬೇಕು. ಮಾಂಸಾಹಾರಿಗಳು ನಾಲ್ಕು ಜನ ಸೇರಿ ಹೋಗುವುದಾದರೆ ಹೋಗಿ, ಮಧ್ಯಾಹ್ನದ ಊಟ ಬಿಟ್ಟು ಹೋಗಿ. ಸಸ್ಯಾಹಾರಿಗಳಿಗೆ ಆ ದುಡ್ಡು ದಂಡ.

ಮಾಟುಂಗಾ ಇವೆರಡರ ಸಾಲಿಗೆ ಸೇರುವುದೋ ಇಲ್ಲವೋ, ನನಗೆ ಪೂರ್ತಿ ಖಾತ್ರಿ ಇಲ್ಲ. ಶೆಟ್ಟರು ಕುಂದಾಪುರ ಕಡೆಯವರು, ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದವರು, ಕೊನೆಯ ಹದಿನೈದು ವರ್ಷ ಗಲ್ಲಾದಲ್ಲಿ. ಇಸವಿ ಕೇಳಿದರೆ ನಗುತ್ತಾರೆ. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ನಗರ ಸುಧಾರಣಾ ಸಂಸ್ಥೆ ಈ ಭಾಗದ ರಸ್ತೆ, ಗಾರ್ಡನ್ ಹಾಕಿತು ಎಂಬುದನ್ನು ನಾನೇ ಅತ್ಯಾಗೆ ಹೇಳಬೇಕಾಯಿತು. ಆದರೆ ಸಾರು ಕುದಿಯುವ ವಾಸನೆಯಲ್ಲೇ ಅಡುಗೆಭಟ್ಟ ಯಾವ ಊರಿನವನೆಂದು ಶೆಟ್ಟರು ಹೇಳಬಲ್ಲರು. ರಾಮ ಆಶ್ರಯದಲ್ಲಿ ಅನಾನಸ್ ಶಿರಾ, ಕೆಫೆ ಮದ್ರಾಸಿನಲ್ಲಿ ರಾಗಿ ದೋಸೆ, ಮಧ್ಯೆ ಹೂವಿನ ಅಂಗಡಿಯಲ್ಲಿ ಅತ್ಯಾಗೆ ಎರಡು ಮೊಳ ಮಲ್ಲಿಗೆ. ಊಟಕ್ಕೆ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇರುವುದು, ಬಾಳೆಲೆ ಊಟ. ಅತ್ಯಾ ಸಾರನ್ನು ಮೂರು ಸಲ ಹಾಕಿಸಿಕೊಂಡರು.

ಮರಾಠಿ ಅಥವಾ ಗುಜರಾತಿ ಗೆಳೆಯರನ್ನು ಶೆಟ್ಟರ ಜೊತೆ ಕಳಿಸಿದರೆ ಅವರಿಗೆ ಅರ್ಧವೂ ದಕ್ಕಲಿಕ್ಕಿಲ್ಲ. ಅತ್ಯಾಗೆ ಮಾತ್ರ ಈ ನಡಿಗೆ ಮುಗಿಯುವುದೇ ಬೇಡವಾಗಿತ್ತು.

ಊಟ ಮುಗಿಸಿ ಹೊರಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಶೆಟ್ಟರು ಒಂದು ಮೊಬೈಲ್ ಅಂಗಡಿಯ ಮುಂದೆ ನಿಂತರು. ಅವರು ಹದಿಮೂರನೇ ವಯಸ್ಸಿನಲ್ಲಿ ಬಂದು ಸೇರಿದ ಹೋಟೆಲು ಅಲ್ಲಿತ್ತಂತೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವುದು. ಸಂಜೆ ಎರಡು ಗಂಟೆ ಹೊತ್ತು ಮಾಲೀಕರು ಬಿಟ್ಟರೆ ಕನ್ನಡ ರಾತ್ರಿ ಶಾಲೆ.

"ಎಷ್ಟ ಮಂದಿ ಇದ್ರಿ?" ಅತ್ಯಾ ಕೇಳಿದರು.

"ಹನ್ನೊಂದು ಜನ, ಅಮ್ಮ. ಮೇಜು ಎಂಟು."

ಅತ್ಯಾ ತಲೆಯ ಮಲ್ಲಿಗೆಯಲ್ಲಿ ಒಂದು ತುಂಡು ಬಿಡಿಸಿ ಶೆಟ್ಟರ ಕೈಗೆ ಕೊಟ್ಟರು, ಮನೆಯವರಿಗೆ ಎಂದು.